ಮಡಕೆ ಚೂರಿನಿಂದ ರಾಜರನ್ನು ಎಣಿಸಿದವನು

ಈಜಿಪ್ಟ್ ಅಂದ ತಕ್ಷಣ ನಮಗೆ ನೆನಪಾಗೋದು ಪಿರಮಿಡ್, ಮಮ್ಮಿ ಮತ್ತು ಟುಟಂಖಾಮನ್‌ನ ಚಿನ್ನದ ಮುಖವಾಡ. ಸ್ವಲ್ಪ ಜಾಸ್ತಿ ಓದಿಕೊಂಡವರು ಕ್ಲಿಯೋಪಾತ್ರಳನ್ನು ಸೇರಿಸಬಹುದು. ಆದರೆ ಗೀಜಾದ ದೊಡ್ಡ ಪಿರಮಿಡ್ ಕಟ್ಟಿಸಿದ ಖುಫು ನಾಲ್ಕನೇ ರಾಜವಂಶದವನು. ನಾಲ್ಕನೆಯದು ಅಂತ ಲೆಕ್ಕ ಹಾಕಬೇಕಾದರೆ ಮೊದಲು ಮೂರು ಇರಬೇಕಲ್ಲ? ಅವರೆಲ್ಲ ಯಾರು? ಎಲ್ಲಿ ಆಳಿದರು, ಎಲ್ಲಿ ಮಣ್ಣಾದರು?

1890ರ ದಶಕದವರೆಗೂ ಈ ಪ್ರಶ್ನೆಗೆ ಯಾರ ಹತ್ತಿರವೂ ಸರಿಯಾದ ಉತ್ತರ ಇರಲಿಲ್ಲ. ಇದ್ದದ್ದು ಹೆಸರುಗಳ ಪಟ್ಟಿ ಮಾತ್ರ. ಕ್ರಿ.ಪೂ. 3ನೇ ಶತಮಾನದಲ್ಲಿ ಮನೆಥೊ ಎಂಬ ಈಜಿಪ್ಟಿನ ಅರ್ಚಕ ಗ್ರೀಕ್ ಭಾಷೆಯಲ್ಲಿ ತನ್ನ ದೇಶದ ಚರಿತ್ರೆ ಬರೆದು, ರಾಜರನ್ನೆಲ್ಲ ವಂಶಗಳಾಗಿ ವಿಂಗಡಿಸಿದ್ದ. ಅವನ ಪುಸ್ತಕ ಕಳೆದುಹೋಯಿತು. ಬೇರೆಯವರು ತಮ್ಮ ಪುಸ್ತಕಗಳಲ್ಲಿ ಎತ್ತಿಕೊಂಡ ತುಣುಕುಗಳಷ್ಟೇ ಉಳಿದವು. ಇನ್ನೊಂದು ಕಡೆ, ಅಬೈಡೋಸ್‌ನಲ್ಲಿ ಸೇಟಿ ರಾಜ ಕಟ್ಟಿಸಿದ ದೇವಸ್ಥಾನದ ಗೋಡೆ ಮೇಲೆ 76 ಹೆಸರುಗಳ ಪಟ್ಟಿ ಇತ್ತು. ಎರಡೂ ಕಡೆ ಮೊದಲನೇ ಹೆಸರು ಮೇನಿ ಅಥವಾ ಮೆನೆಸ್. ಆದರೆ ಆ ಮೆನೆಸ್ ಕುಡಿದ ಲೋಟ, ಮಲಗಿದ ಗುಂಡಿ, ಹಾಕಿಸಿದ ಮುದ್ರೆ ಯಾವುದೂ ಸಿಕ್ಕಿರಲಿಲ್ಲ. ಹಾಗಾಗಿ ಮೊದಲ ವಂಶದವರು ನಿಜವಾಗಿ ಇದ್ದರೋ, ಕಥೆಯೋ ಎಂಬ ಅನುಮಾನ ಪಂಡಿತರಲ್ಲೇ ಇತ್ತು.

ಈ ಕಥೆಯವರನ್ನು ಚರಿತ್ರೆಯವರನ್ನಾಗಿ ಮಾಡಿದ್ದು ಶಾಲೆಗೇ ಸರಿಯಾಗಿ ಹೋಗದ ಒಬ್ಬ ಸರ್ವೇಯರ್. ಹೆಸರು ವಿಲಿಯಂ ಮ್ಯಾಥ್ಯೂ ಫ್ಲಿಂಡರ್ಸ್ ಪೆಟ್ರಿ. ಹೌದು, ಥಿಯೊಡೊಲೈಟ್, ಚೈನು, ರೇಂಜಿಂಗ್ ರಾಡ್, ಅದೇ ಸರ್ವೆ. ಸಿವಿಲ್‌ನವರು ಸರ್ವೆ ಕ್ಯಾಂಪಿನ ಬಿಸಿಲನ್ನು ಬೈದುಕೊಳ್ಳುವಾಗ ಈತನನ್ನು ಒಮ್ಮೆ ನೆನೆಸಿಕೊಳ್ಳಬಹುದು.

ಪೆಟ್ರಿ ಹುಟ್ಟಿದ್ದು 1853ರ ಜೂನ್ 3ರಂದು, ಲಂಡನ್ ಪಕ್ಕದ ಚಾರ್ಲ್ಟನ್‌ನಲ್ಲಿ. ಅಪ್ಪ ವಿಲಿಯಂ ಪೆಟ್ರಿ ಎಂಜಿನಿಯರ್. ಎಡಿಸನ್‌ನ ಬಲ್ಬು ಬರುವುದಕ್ಕೆ ಎಷ್ಟೋ ಮೊದಲೇ ವಿದ್ಯುತ್ ಆರ್ಕ್ ದೀಪಗಳ ಮೇಲೆ ಕೆಲಸ ಮಾಡಿದವನು. ಅಮ್ಮ ಆನ್, ಆಸ್ಟ್ರೇಲಿಯಾದ ಕರಾವಳಿಯನ್ನು ಹಡಗಿನಲ್ಲಿ ಸುತ್ತಿ ನಕ್ಷೆ ಮಾಡಿದ ಕ್ಯಾಪ್ಟನ್ ಮ್ಯಾಥ್ಯೂ ಫ್ಲಿಂಡರ್ಸ್‌ನ ಮಗಳು. ಅಳತೆ ಅನ್ನೋದು ಮನೆತನದಲ್ಲೇ ಇತ್ತು ಅನ್ನಿ. ಹುಡುಗನ ಆರೋಗ್ಯ ಸರಿ ಇರಲಿಲ್ಲ, ಹಾಗಾಗಿ ಪಾಠವೆಲ್ಲ ಮನೆಯಲ್ಲೇ. ಎಂಟು ವರ್ಷದವನಿದ್ದಾಗ ಮನೆಗೆ ಬಂದವರು ವೈಟ್ ದ್ವೀಪದಲ್ಲಿ ಹಳೇ ರೋಮನ್ ಮನೆಯೊಂದನ್ನು ಸಲಿಕೆಯಲ್ಲಿ ಬಗೆದು ತೆಗೆದ ಸುದ್ದಿ ಹೇಳುತ್ತಿದ್ದರಂತೆ. ಮಣ್ಣನ್ನು ಹಾಗೆ ಬಗೆಯಬಾರದು, ಇಂಚಿಂಚಾಗಿ ಹೆರೆದು ಒಳಗಿನದೆಲ್ಲ ಹೇಗೆ ಇದೆಯೋ ಹಾಗೇ ನೋಡಬೇಕು ಎಂಬ ಯೋಚನೆ ಆಗಲೇ ತನಗೆ ಹುಟ್ಟಿತು ಅಂತ ಪೆಟ್ರಿ ಮುದುಕನಾದಮೇಲೆ ಬರೆದುಕೊಂಡ. ಎಂಟನೇ ವಯಸ್ಸಿನ ನೆನಪಿಗೆ ಎಷ್ಟು ಮಸಾಲೆ ಸೇರಿದೆಯೋ, ಆದರೆ ಆಮೇಲಿನ ಎಂಬತ್ತು ವರ್ಷ ಅವನು ಮಾಡಿದ್ದು ಮಾತ್ರ ಅದನ್ನೇ.

ಹರೆಯದಲ್ಲಿ ಅಪ್ಪ ಮಗ ಸೇರಿ ದಕ್ಷಿಣ ಇಂಗ್ಲೆಂಡಿನ ಹಳೇ ಕೋಟೆ, ದಿಬ್ಬಗಳನ್ನೆಲ್ಲ ಅಳೆದರು. ಸ್ಟೋನ್‌ಹೆಂಜ್‌ನ ನಕ್ಷೆಯನ್ನೂ ಮಾಡಿದರು. ಆದರೆ ಅಪ್ಪನ ತಲೆಯಲ್ಲಿ ಕೂತಿದ್ದು ಪಿರಮಿಡ್. ಅದಕ್ಕೆ ಕಾರಣ ಮನೆಯ ಗೆಳೆಯ ಚಾರ್ಲ್ಸ್ ಪಿಯಾಜಿ ಸ್ಮಿತ್. ಸ್ಕಾಟ್ಲೆಂಡಿನ ರಾಜ ಖಗೋಳಜ್ಞ, ದೊಡ್ಡ ಹೆಸರು. ಗೀಜಾದ ಪಿರಮಿಡ್ ದೇವರ ಪ್ರೇರಣೆಯಿಂದ ಕಟ್ಟಿದ್ದು, ಅದರಲ್ಲಿ ಪಿರಮಿಡ್ ಇಂಚು ಎಂಬ ಪವಿತ್ರ ಅಳತೆ ಅಡಗಿದೆ, ನಾಲ್ಕು ಬದಿಗಳ ಒಟ್ಟು ಉದ್ದವನ್ನು ಆ ಇಂಚಿನಲ್ಲಿ ಹೇಳಿದರೆ ವರ್ಷದ ದಿನಗಳ ನೂರು ಪಟ್ಟು ಬರುತ್ತದೆ ಎಂಬುದು ಆತನ ವಾದ. ಇಂಥವು ನಮ್ಮ ವಾಟ್ಸಾಪ್ ಗುಂಪುಗಳಿಗೆ ಹೊಸದೇನಲ್ಲ ಬಿಡಿ. ಹದಿಮೂರನೇ ವಯಸ್ಸಿಗೇ ಸ್ಮಿತ್‌ನ ಪುಸ್ತಕ ಕೊಂಡು ಓದಿದ ಪೆಟ್ರಿಗೂ ಅದು ನಿಜ ಇರಬಹುದು ಅನಿಸಿತ್ತು. ಹೋಗಿ ಅಳೆದು ಬರೋಣ ಅಂತ ಅಪ್ಪ ಮಗ ತೀರ್ಮಾನಿಸಿದರು. ಅಪ್ಪ ಉಪಕರಣಗಳನ್ನು ಸುಧಾರಿಸುತ್ತಾ ಸುಧಾರಿಸುತ್ತಾ ವರ್ಷಗಟ್ಟಲೆ ಮುಂದೂಡಿದ. ಕೊನೆಗೆ 1880ರ ಕೊನೆಯಲ್ಲಿ 27 ವರ್ಷದ ಮಗ ಒಬ್ಬನೇ ಪೆಟ್ಟಿಗೆ ಕಟ್ಟಿಕೊಂಡು ಹೊರಟ.

ಗೀಜಾದಲ್ಲಿ ಬಾಡಿಗೆ ಕೊಡುವ ಗೊಡವೆಯೇ ಇಲ್ಲದಂತೆ ಬಂಡೆಯಲ್ಲಿ ಕೊರೆದ ಹಳೇ ಸಮಾಧಿಯೊಂದರಲ್ಲಿ ವಾಸ. ಸ್ಮಿತ್ ಜೊತೆ ಹಿಂದೆ ಕೆಲಸ ಮಾಡಿದ್ದ ಅಲಿ ಗಬ್ರಿ ಎಂಬ ಸ್ಥಳೀಯ ಸಹಾಯಕ್ಕೆ ಇದ್ದ. ಹಗಲು ಪ್ರವಾಸಿಗರ ಕಾಟ. ಅದಕ್ಕೆ ಪೆಟ್ರಿ ಕಂಡುಕೊಂಡ ಉಪಾಯ, ಗುಲಾಬಿ ಬಣ್ಣದ ಬನಿಯನ್ನು ಚಡ್ಡಿಯಲ್ಲೇ ಹೊರಗೆ ಓಡಾಡೋದು. ವಿಕ್ಟೋರಿಯಾ ಕಾಲದ ಮರ್ಯಾದಸ್ಥರು ಆ ಕಡೆ ತಲೆಹಾಕಲಿಲ್ಲ. ಪಿರಮಿಡ್ ಒಳಗಿನ ಕೋಣೆಗಳ ಅಳತೆ ರಾತ್ರಿ ಹೊತ್ತು. ಸೆಕೆ ತಡೆಯದೆ ಅಲ್ಲಿ ಅಷ್ಟೂ ಬಟ್ಟೆ ಇಲ್ಲ. 10 ಇಂಚಿನ ವೃತ್ತವಿದ್ದ ಥಿಯೊಡೊಲೈಟ್ ಹಿಡಿದು ಮೂರು ಪಿರಮಿಡ್‌ಗಳ ಸುತ್ತ ತ್ರಿಕೋನಗಳ ಜಾಲ ಹೆಣೆದ. ಪ್ರತಿ ಅಳತೆಯ ಪಕ್ಕ ಅದರಲ್ಲಿ ಇರಬಹುದಾದ ದೋಷವನ್ನೂ ಬರೆದ. ಆಗಿನ ಪುರಾತತ್ವದಲ್ಲಿ ಇದು ಯಾರೂ ಕೇಳರಿಯದ ಶಿಸ್ತು.

ಎರಡು ಚಳಿಗಾಲದ ಕೆಲಸ ಮುಗಿದಾಗ ದೊಡ್ಡ ಪಿರಮಿಡ್‌ನ ಒಂದು ಬದಿಯ ಸರಾಸರಿ ಉದ್ದ 9068.8 ಇಂಚು ಅಂತ ಬಂತು, ಅಂದರೆ ಸುಮಾರು 230.35 ಮೀಟರ್. ಸ್ಮಿತ್‌ನ ಸಿದ್ಧಾಂತ ನಿಲ್ಲಬೇಕಾದರೆ ಅದು ಇನ್ನೂ 70 ಇಂಚಿನಷ್ಟು ಜಾಸ್ತಿ ಇರಬೇಕಿತ್ತು. ಅಲ್ಲಿಗೆ ಪವಿತ್ರ ಇಂಚಿನ ಕಥೆ ಮುಗಿಯಿತು. ಅಪ್ಪ ನಂಬಿದ್ದನ್ನು, ಮನೆಯ ಹಿರಿಯ ಗೆಳೆಯ ಜೀವಮಾನ ಕಟ್ಟಿದ್ದನ್ನು, ಅವರೇ ಕಳಿಸಿದ ಹುಡುಗ ಅಳತೆ ಪಟ್ಟಿಯಿಂದ ಕೆಡವಿದ. 1883ರಲ್ಲಿ ಪುಸ್ತಕ ಬಂತು. 1925ರಲ್ಲಿ ಈಜಿಪ್ಟ್ ಸರ್ಕಾರದ ಸರ್ವೆ ಇಲಾಖೆ ಮತ್ತೆ ಅಳೆದಾಗ ಸಿಕ್ಕ ಸರಾಸರಿಗೂ ಪೆಟ್ರಿಯ ಲೆಕ್ಕಕ್ಕೂ ಎರಡು ಸೆಂಟಿಮೀಟರ್ ವ್ಯತ್ಯಾಸವೂ ಇರಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಅವನು ಒಳ್ಳೇ ಸರ್ವೇಯರ್ ಆಗಿ ಉಳಿಯುತ್ತಿದ್ದ. ಆದರೆ ಗೀಜಾದಲ್ಲಿ ಅವನ ಹೊಟ್ಟೆ ಉರಿಸಿದ್ದು ಬೇರೆ. ಅಗೆಯುವವರು ದೊಡ್ಡ ಮೂರ್ತಿ, ಚಿನ್ನ, ಬರಹ ಇರುವ ಕಲ್ಲು ಹುಡುಕುತ್ತಾ ಮಿಕ್ಕಿದ್ದನ್ನೆಲ್ಲ ಕಸ ಅಂತ ಎಸೆಯುತ್ತಿದ್ದರು. ಮಡಕೆ ಚೂರಂತೂ ಲೆಕ್ಕಕ್ಕೇ ಇಲ್ಲ. ಇಡೀ ದೇಶ ಬೆಂಕಿ ಬಿದ್ದ ಮನೆಯ ಹಾಗೆ ಅವನಿಗೆ ಕಂಡಿತು. ಕಾದಂಬರಿಕಾರ್ತಿ ಅಮೀಲಿಯಾ ಎಡ್ವರ್ಡ್ಸ್ 1882ರಲ್ಲಿ ಉತ್ಖನನಕ್ಕೆ ಹಣ ಎತ್ತಲು ಸಂಘವೊಂದನ್ನು ಕಟ್ಟಿದ್ದಳು. ಅವಳು ಪೆಟ್ರಿಯನ್ನು ಗುರುತಿಸಿ ಕೆಲಸ ಕೊಟ್ಟಳು. 1892ರಲ್ಲಿ ತೀರಿಕೊಂಡಾಗ ತನ್ನ ಉಯಿಲಿನಲ್ಲಿ ಲಂಡನ್‌ನ ಯೂನಿವರ್ಸಿಟಿ ಕಾಲೇಜಿಗೆ ಹಣ ಬಿಟ್ಟು, ಇಂಗ್ಲೆಂಡಿನ ಮೊದಲ ಈಜಿಪ್ಟ್ ಶಾಸ್ತ್ರದ ಪ್ರಾಧ್ಯಾಪಕ ಹುದ್ದೆ ಹುಟ್ಟುವಂತೆ ಮಾಡಿದಳು. ಅದು ಪೆಟ್ರಿಗೇ ಸಿಗಬೇಕು ಅನ್ನುವುದು ಅವಳ ಇಚ್ಛೆ. ಸಿಕ್ಕಿತು ಕೂಡ. ಡಿಗ್ರಿ ಮಾಡದವನು ಪ್ರೊಫೆಸರ್ ಆದ. 1933ರವರೆಗೂ ಆ ಕುರ್ಚಿ ಅವನದೇ.

ಕುರ್ಚಿ ಅಂದರೆ ಹೆಸರಿಗೆ. ಪ್ರತಿ ಚಳಿಗಾಲ ಅವನು ಮರಳಲ್ಲೇ. ಕ್ಯಾಂಪಿನ ಊಟ ಕುಖ್ಯಾತ. ಡಬ್ಬಿ ಆಹಾರ, ಬ್ರೆಡ್ಡು, ಮತ್ತೆ ಡಬ್ಬಿ. ಹಿಂದಿನ ವರ್ಷ ಹೂತಿಟ್ಟ ಡಬ್ಬಿಗಳನ್ನು ಮುಂದಿನ ವರ್ಷ ತೆಗೆದು, ಕಲ್ಲಿಗೆ ಎಸೆದು, ಒಡೆಯದೇ ಉಳಿದದ್ದನ್ನು ತಿನ್ನುತ್ತಿದ್ದರು ಎಂಬ ಕಥೆ ಅವನ ಶಿಷ್ಯರಲ್ಲಿ ಓಡಾಡುತ್ತಿತ್ತು. ನಮ್ಮ ಮೆಸ್ ಬಗ್ಗೆ ದೂರು ಬರೆಯುವವರು ಗಮನಿಸಿ. 1892ರಲ್ಲಿ ಅಮಾರ್ನಾದಲ್ಲಿ ಅವನ ಕೈಕೆಳಗೆ ಪಳಗಿದ 17 ವರ್ಷದ ಹುಡುಗನೊಬ್ಬ ಮುಂದೆ ಟುಟಂಖಾಮನ್‌ನ ಸಮಾಧಿ ತೆರೆದ ಹೊವಾರ್ಡ್ ಕಾರ್ಟರ್. ಕೆಲಸಗಾರರ ವಿಷಯದಲ್ಲೂ ಪೆಟ್ರಿ ಬೇರೆ ದಾರಿ ಹಿಡಿದ. ಸಿಕ್ಕ ವಸ್ತುವಿಗೆ ಪೇಟೆಯಲ್ಲಿ ಎಷ್ಟು ಬೆಲೆಯೋ ಅಷ್ಟನ್ನು ಸಿಕ್ಕಿಸಿಕೊಂಡವನಿಗೇ ಕೊಡುತ್ತಿದ್ದ. ಕದ್ದು ಮಾರುವ ಕಾರಣವೇ ಇಲ್ಲದಂತೆ. ಕುಫ್ತ್ ಎಂಬ ಊರಿನವರನ್ನು ನಾಜೂಕಾಗಿ ಅಗೆಯಲು ತರಬೇತು ಮಾಡಿದ. ಕುಫ್ತಿಗಳು ಅಂದರೆ ಇವತ್ತಿಗೂ ಈಜಿಪ್ಟಿನಲ್ಲಿ ನುರಿತ ಉತ್ಖನನಕಾರರು ಅಂತಲೇ ಅರ್ಥ. ಅಲಿ ಸುವೇಫಿ ಎಂಬ ಕೆಲಸಗಾರನಂತೂ ಅವನ ಬಲಗೈ. ಪುಸ್ತಕದ ಮುಖಪುಟದಲ್ಲಿ ಪೆಟ್ರಿಯ ಹೆಸರಿದ್ದರೂ ಮಣ್ಣಿನ ಬಣ್ಣ ಬದಲಾದದ್ದನ್ನು ಮೊದಲು ಕಂಡದ್ದು ಇಂಥವರ ಕಣ್ಣು.

ಈಗ ನಮ್ಮ ವಿಷಯದ ತಿರುಳಿಗೆ ಬರೋಣ. 1894–95ರ ಚಳಿಗಾಲದಲ್ಲಿ ನಕಾದಾ ಎಂಬಲ್ಲಿ ಪೆಟ್ರಿ ಮತ್ತು ಕ್ವಿಬೆಲ್ ಎರಡು ಸಾವಿರಕ್ಕೂ ಹೆಚ್ಚು ಸಮಾಧಿಗಳನ್ನು ತೆರೆದರು. ಪಿರಮಿಡ್ ಕಾಲದ ಯಾವ ಗುರುತೂ ಅವುಗಳಲ್ಲಿಲ್ಲ. ಬರಹ ಇಲ್ಲ, ರಾಜನ ಹೆಸರಿಲ್ಲ. ಮಂಡಿ ಮಡಚಿ ಮಲಗಿಸಿದ ದೇಹ, ಸುತ್ತ ಮಡಕೆಗಳು. ಇದು ಹೊರಗಿಂದ ನುಗ್ಗಿದ ಹೊಸ ಜನಾಂಗ ಅಂತ ಪೆಟ್ರಿ ಸಾರಿದ. ಇವರು ರಾಜವಂಶಗಳಿಗಿಂತ ಹಿಂದಿನ ಈಜಿಪ್ಟಿನವರೇ ಅಂತ ಫ್ರಾನ್ಸಿನ ಜಾಕ್ ಡ ಮೊರ್ಗಾನ್ ಹೇಳಿದ. ಮೊರ್ಗಾನ್ ಹೇಳಿದ್ದೇ ಸರಿ. ಸ್ವಲ್ಪ ಕಾಲ ಹಟ ಹಿಡಿದು ಪೆಟ್ರಿಯೂ ಒಪ್ಪಿಕೊಂಡ. ಹಾಗಾದರೆ ಪ್ರಶ್ನೆ ಇನ್ನೂ ಕಷ್ಟದ್ದಾಯಿತು: ತಾರೀಕಿಲ್ಲದ, ಬರಹವಿಲ್ಲದ, ಒಂದರ ಮೇಲೊಂದು ಪದರವೂ ಇಲ್ಲದೆ ಅಕ್ಕಪಕ್ಕ ಹರಡಿದ ಸಾವಿರಾರು ಸಮಾಧಿಗಳಲ್ಲಿ ಯಾವುದು ಮೊದಲು, ಯಾವುದು ಆಮೇಲೆ?

ಹಾಸ್ಟೆಲ್‌ನ ಹಳೇ ಗ್ರೂಪ್ ಫೋಟೋಗಳ ರಾಶಿ ಸಿಕ್ಕಿದೆ, ಹಿಂದೆ ತಾರೀಕು ಬರೆದಿಲ್ಲ ಅಂದುಕೊಳ್ಳಿ. ಕೈಯಲ್ಲಿರುವ ಫೋನ್ ನೋಡಿಯೇ ನಾವು ಸಾಲಾಗಿ ಜೋಡಿಸಬಹುದು. ಬರೀ ಬಟನ್ ಫೋನ್ ಇರುವವು ಒಂದು ತುದಿಗೆ, ಬಟನ್ನೂ ಟಚ್ಚೂ ಬೆರೆತವು ಮಧ್ಯ, ಬರೀ ಟಚ್ ಇರುವವು ಇನ್ನೊಂದು ತುದಿಗೆ. ಪೆಟ್ರಿ ಮಾಡಿದ್ದು ಇದನ್ನೇ, ಆದರೆ ನೂರಾರು ಬಗೆಯ ಮಡಕೆಗಳ ಮೇಲೆ. ಮಡಕೆಗಳನ್ನು ಒಂಬತ್ತು ವರ್ಗ ಮಾಡಿದ. ಒಳ್ಳೆಯ ದಾಖಲೆ ಇದ್ದ ಸುಮಾರು 900 ಸಮಾಧಿಗಳಿಗೆ ತಲಾ ಒಂದು ರಟ್ಟಿನ ಪಟ್ಟಿ, ಪಟ್ಟಿಯಲ್ಲಿ ಒಂಬತ್ತು ಕಾಲಂ, ಆ ಸಮಾಧಿಯಲ್ಲಿ ಯಾವ ಯಾವ ಬಗೆ ಸಿಕ್ಕಿತು ಅಂತ ನಮೂದು. ಆಮೇಲೆ ಪಟ್ಟಿಗಳನ್ನು ಹಿಂದೆ ಮುಂದೆ ಸರಿಸುತ್ತಾ ಹೋಗೋದು, ಪ್ರತಿಯೊಂದು ಬಗೆಯೂ ಎಲ್ಲೆಂದರಲ್ಲಿ ಚದುರದೆ ಒಂದೇ ಕಡೆ ಗುಂಪಾಗಿ ಕೂರುವವರೆಗೆ.

ಸಾಲೇನೋ ಬಂತು, ಯಾವ ತುದಿ ಹಳೆಯದು? ಅದಕ್ಕೆ ಅಲೆಅಲೆ ಹಿಡಿಯ ಮಡಕೆಗಳು ದಾರಿ ತೋರಿಸಿದವು. ಒಂದು ತುದಿಯಲ್ಲಿ ಅವು ದುಂಡಗೆ, ಎತ್ತಲು ಗಟ್ಟಿಯಾದ ಹಿಡಿ ಇರುವಂಥವು. ಸಾಲಿನಲ್ಲಿ ಮುಂದೆ ಹೋದ ಹಾಗೆ ಮಡಕೆ ತೆಳ್ಳಗಾಗುತ್ತಾ, ಹಿಡಿ ಸಣ್ಣದಾಗುತ್ತಾ, ಕೊನೆಗೆ ನೆಟ್ಟಗಿನ ಕೊಳವೆಯ ಮೇಲೆ ಬರೀ ಅಲಂಕಾರದ ಒಂದು ಗೆರೆ ಉಳಿಯುತ್ತದೆ. ಹಿಡಿ ಸವೆದು ಗೆರೆ ಆಗಬಹುದು. ಸುಮ್ಮನೆ ಗೀಚಿದ ಗೆರೆ ಬೆಳೆದು ಹಿಡಿ ಆಗುವುದು ಕಷ್ಟ. ಹೀಗೆ ದಿಕ್ಕು ಸಿಕ್ಕಿತು. ಸಾಲನ್ನು 30ರಿಂದ 80ರವರೆಗೆ ಅಂಕಿ ಹಾಕಿ ಭಾಗ ಮಾಡಿದ. 1ರಿಂದ 29 ಖಾಲಿ. ಇನ್ನೂ ಹಳೆಯದು ಮುಂದೆ ಯಾರಿಗಾದರೂ ಸಿಕ್ಕರೆ ಅವರಿಗೆ ಜಾಗ ಇರಲಿ ಅಂತ. 1920ರ ದಶಕದಲ್ಲಿ ಬದಾರಿ ಎಂಬಲ್ಲಿ ನಿಜಕ್ಕೂ ಸಿಕ್ಕಿತು. ಸೊನ್ನೆಯಿಂದ ಅರೇ ಶುರುಮಾಡಿ ಆಮೇಲೆ ಒದ್ದಾಡುವ ನಮಗೆ ಈ ಮುಂದಾಲೋಚನೆ ಬಹಳ ಹಿಡಿಸಿತು.

ಕಂಪ್ಯೂಟರ್ ಸೈನ್ಸ್‌ನವರು ಇದನ್ನು ಸಮಾಧಿಗಳು ಅಡ್ಡಸಾಲು, ಮಡಕೆ ಬಗೆಗಳು ಕಂಬಸಾಲು ಆಗಿರುವ ಸೊನ್ನೆ ಒಂದುಗಳ ಮ್ಯಾಟ್ರಿಕ್ಸ್ ಅಂತ ನೋಡಿ. ಪ್ರತಿ ಕಂಬದಲ್ಲೂ ಒಂದುಗಳು ಒಟ್ಟಿಗೆ ಬರುವಂತೆ ಅಡ್ಡಸಾಲುಗಳನ್ನು ಮರುಜೋಡಿಸಬೇಕು. 1960ರ ದಶಕದಲ್ಲಿ ಬ್ರಿಟಿಷ್ ಸಂಖ್ಯಾಶಾಸ್ತ್ರಜ್ಞ ಡೇವಿಡ್ ಕೆಂಡಾಲ್ ಈ ಸಮಸ್ಯೆಯನ್ನು ಗಣಿತವಾಗಿ ಎತ್ತಿಕೊಂಡ. ಅಂಥ ಮ್ಯಾಟ್ರಿಕ್ಸ್‌ಗೆ ಪೆಟ್ರಿ ಮ್ಯಾಟ್ರಿಕ್ಸ್ ಎಂಬ ಹೆಸರೇ ಬಂದಿದೆ. ಅಂದಹಾಗೆ ಜ್ಯಾಮಿತಿಯಲ್ಲಿ ಬರುವ ಪೆಟ್ರಿ ಬಹುಭುಜ ಬೇರೆ, ಅದು ಇವನ ಮಗ ಜಾನ್‌ನ ಹೆಸರಿನದು.

1899ರ ಕೊನೆಗೆ ಪೆಟ್ರಿ ಅಬೈಡೋಸ್‌ಗೆ ಬಂದ. ಸೇಟಿಯ ದೇವಸ್ಥಾನದ ಹಿಂದೆ, ಬೆಟ್ಟದ ಬುಡದ ಮರಳುಗಾಡಿನಲ್ಲಿ ಉಮ್ ಎಲ್ ಕಾಬ್ ಎಂಬ ಜಾಗ. ಅರಬ್ಬಿಯಲ್ಲಿ ಮಡಕೆಗಳ ತಾಯಿ ಅಂತ ಅರ್ಥ. ಸಾವಿರಾರು ವರ್ಷ ಯಾತ್ರಿಕರು ಹರಕೆಗೆ ತಂದಿಟ್ಟ ಮಡಕೆಗಳ ಚೂರು ಅಲ್ಲಿ ದಿಬ್ಬ ದಿಬ್ಬವಾಗಿ ಬಿದ್ದಿತ್ತು. ಅದರಡಿಯಲ್ಲಿ ಹಸಿ ಇಟ್ಟಿಗೆಯ ದೊಡ್ಡ ಸಮಾಧಿಗಳು.

ಪೆಟ್ರಿ ಅಲ್ಲಿಗೆ ಮೊದಲಿಗನಲ್ಲ. ಎಮಿಲ್ ಅಮೆಲಿನೋ ಎಂಬ ಫ್ರೆಂಚ್ ವಿದ್ವಾಂಸ ಅದಾಗಲೇ ನಾಲ್ಕೈದು ವರ್ಷ ಅಗೆದು ಹೋಗಿದ್ದ. ಜೆಟ್ ಎಂಬ ರಾಜನ ಸುಂದರವಾದ ಹಾವಿನ ಶಿಲಾಫಲಕ ಅವನಿಗೆ ಸಿಕ್ಕಿತು, ಈಗ ಪ್ಯಾರಿಸ್ಸಿನ ಲೂವ್ರ್‌ನಲ್ಲಿದೆ. ಆದರೆ ಇನ್ನೊಂದು ಸಮಾಧಿಯನ್ನು ಸಾಕ್ಷಾತ್ ಒಸಿರಿಸ್ ದೇವರ ಗೋರಿ ಅಂತ ಅವನು ಘೋಷಿಸಿಬಿಟ್ಟ. ನಕ್ಷೆ ಸರಿಯಾಗಿ ಮಾಡಲಿಲ್ಲ. ಬೇಡವೆನಿಸಿದ ಕಲ್ಲಿನ ಪಾತ್ರೆಗಳನ್ನು ಪುಡಿ ಮಾಡಿಸಿದ, ಮೊದಲ ರಾಜವಂಶದ ಕಾಲದ ಮರದ ತುಂಡುಗಳನ್ನು ಅಡುಗೆ ಒಲೆಗೆ ಹಾಕಿಸಿದ ಎಂಬುದು ಪೆಟ್ರಿಯ ಆರೋಪ. ಪೆಟ್ರಿ ಪ್ರತಿಸ್ಪರ್ಧಿಗಳ ಬಗ್ಗೆ ಮೆತ್ತಗೆ ಬರೆಯುವವನಲ್ಲ, ಅದನ್ನೂ ನೆನಪಿಡೋಣ. ಆದರೂ ಪುರಾತತ್ವ ಇಲಾಖೆಯ ಮುಖ್ಯಸ್ಥನಾಗಿ ಮರಳಿ ಬಂದ ಮಾಸ್ಪೆರೊ, ತಾನೂ ಫ್ರೆಂಚನಾಗಿದ್ದರೂ ಆ ಜಾಗವನ್ನು ಪೆಟ್ರಿಗೆ ಒಪ್ಪಿಸಿದ.

ಹಾಗಾಗಿ ಪೆಟ್ರಿಗೆ ಸಿಕ್ಕಿದ್ದು ಇನ್ನೊಬ್ಬನ ಕಸ. ಅದನ್ನೇ ಅವನು, ಹೆಂಡತಿ ಹಿಲ್ಡಾ, ಕೆಲವು ಶಿಷ್ಯರು ಮತ್ತು ಕುಫ್ತಿ ಕೆಲಸಗಾರರು ಎರಡು ಚಳಿಗಾಲ ಜರಡಿ ಹಿಡಿದರು. ಕಲ್ಲಿನ ಪಾತ್ರೆಗಳ ಸಾವಿರಾರು ತುಣುಕುಗಳನ್ನು ವಿಂಗಡಿಸಿ ಕೂಡಿಸುವುದು, ಮುದ್ರೆಗಳ ಚಿತ್ರ ಬರೆಯುವುದರಲ್ಲಿ ಹಿಲ್ಡಾಳ ಪಾಲು ದೊಡ್ಡದು. ಆ ಕಸದಲ್ಲಿ ಏನಿತ್ತು? ಜಾಡಿಗಳ ಬಾಯಿಗೆ ಮೆತ್ತಿದ ಜೇಡಿಮಣ್ಣಿನ ಮುಚ್ಚಳಗಳು, ಅವುಗಳ ಮೇಲೆ ರಾಜನ ಮತ್ತು ಅಧಿಕಾರಿಯ ಮುದ್ರೆ. ಎಣ್ಣೆ ಜಾಡಿಗೆ ಕಟ್ಟುತ್ತಿದ್ದ ಬೆರಳುದ್ದದ ದಂತದ, ಕರಿಮರದ ಚೀಟಿಗಳು, ಅವುಗಳ ಮೇಲೆ ಆ ವರ್ಷ ನಡೆದ ಮುಖ್ಯ ಘಟನೆ. ಪಾತ್ರೆಗಳ ಮೇಲೆ ಕೊರೆದ ಹೆಸರುಗಳು.

ತೊಡಕು ಇದ್ದದ್ದು ಹೆಸರಿನಲ್ಲೇ. ಈಜಿಪ್ಟಿನ ರಾಜನಿಗೆ ಒಂದಕ್ಕಿಂತ ಹೆಚ್ಚು ಬಿರುದು. ಸಮಾಧಿಯ ವಸ್ತುಗಳಲ್ಲಿ ಗಿಡುಗನ ಚಿಹ್ನೆಯ ಹೋರಸ್ ಹೆಸರು. ದೇವಸ್ಥಾನದ ಪಟ್ಟಿಯಲ್ಲೂ ಮನೆಥೊನಲ್ಲೂ ಬೇರೆ ಹೆಸರು. ಒಬ್ಬನೇ ಮನುಷ್ಯ, ಎರಡು ರಿಜಿಸ್ಟರ್, ಎರಡು ಹೆಸರು, ರೋಲ್ ನಂಬರ್ ಇಲ್ಲ. ಆದರೆ ಕೆಲವು ವಸ್ತುಗಳ ಮೇಲೆ ಎರಡೂ ಹೆಸರು ಜೊತೆಯಲ್ಲಿದ್ದವು. ಜರ್ಮನಿಯ ಕರ್ಟ್ ಸೇಟ 1897ರಲ್ಲೇ ಅಮೆಲಿನೋಗೆ ಸಿಕ್ಕ ವಸ್ತುಗಳಿಂದ ಇಂಥ ಕೆಲವು ಜೋಡಿ ಹೊಂದಿಸಿ ತೋರಿಸಿದ್ದ. ಪೆಟ್ರಿ ಅದನ್ನು ಇಡೀ ವಂಶಕ್ಕೆ ಹಬ್ಬಿಸಿದ. ಅನೆಜಿಬ್ ರಾಜನ ಹೆಸರಿದ್ದ ಪಾತ್ರೆಗಳಲ್ಲಿ ಆ ಹೆಸರು ಕೆರೆದು ಸೆಮೆರ್ಖೆಟ್‌ನ ಹೆಸರು ಕೊರೆದಿತ್ತು. ಅಂದಮೇಲೆ ಸೆಮೆರ್ಖೆಟ್ ಆಮೇಲಿನವನು. ಹಿಂದಿನವನ ಹೆಸರು ಅಳಿಸಿ ತನ್ನದು ಹಾಕಿಕೊಂಡವನ ಸಣ್ಣತನವೇ ಐದು ಸಾವಿರ ವರ್ಷದ ನಂತರ ಸಾಕ್ಷಿಯಾಯಿತು. ಹೀಗೆ ಆಹಾ, ಜೆರ್, ಜೆಟ್, ಡೆನ್, ಅನೆಜಿಬ್, ಸೆಮೆರ್ಖೆಟ್, ಕಾಆ ಒಬ್ಬರ ಹಿಂದೆ ಒಬ್ಬರು ಬಂದು ನಿಂತರು. 1894ರಲ್ಲಿ ಪೆಟ್ರಿಯೇ ಬರೆದ ಈಜಿಪ್ಟ್ ಚರಿತ್ರೆಯಲ್ಲಿ ಮೊದಲ ಮೂರು ವಂಶಗಳ ಪುರಾವೆಯ ಜಾಗ ಖಾಲಿ ಅಂತ ಇತ್ತು. 1900 ಮತ್ತು 1901ರಲ್ಲಿ ಬಂದ ಅವನ ಎರಡು ಸಂಪುಟಗಳು ಆ ಜಾಗ ತುಂಬಿದವು. ಅಗೆದ ಕೆಲವೇ ತಿಂಗಳಲ್ಲಿ ಪುಸ್ತಕ ಅಚ್ಚಾಗಿ ಬರುತ್ತಿತ್ತು. ಪ್ರಾಜೆಕ್ಟ್ ರಿಪೋರ್ಟ್ ವಿಷಯ ಇಲ್ಲಿ ಎತ್ತುವುದಿಲ್ಲ.

ಆ ರಾಜರು ಎಂಥವರು? ಮಣ್ಣು ಹೇಳಿದ್ದೆಲ್ಲ ಹಿತವಾಗಿಲ್ಲ. ಒಸಿರಿಸ್‌ನ ಗೋರಿ ಅಂತ ಅಮೆಲಿನೋ ತಿಳಿದದ್ದು ನಿಜದಲ್ಲಿ ಜೆರ್ ರಾಜನದು. ಅದರ ಸುತ್ತ ಸಾಲು ಸಾಲಾಗಿ 300ಕ್ಕೂ ಹೆಚ್ಚು ಸಣ್ಣ ಗುಂಡಿಗಳು. ಒಡೆಯನ ಜೊತೆ ಹೋಗಲೆಂದು ಕೊಲ್ಲಲ್ಪಟ್ಟ ಸೇವಕರು, ಪರಿವಾರದವರು ಅಂತ ಬಹಳ ಮಂದಿ ವಿದ್ವಾಂಸರು ಇವುಗಳನ್ನು ಓದುತ್ತಾರೆ. ಮೊದಲ ವಂಶ ಮುಗಿಯುವ ಹೊತ್ತಿಗೆ ಈ ಸಂಖ್ಯೆ ಇಳಿಯುತ್ತಾ ಬಂದು, ಪದ್ಧತಿಯೇ ನಿಂತಿತು. ಡೆನ್‌ನ ಸಮಾಧಿಗೆ ಮೆಟ್ಟಿಲು ಬಂತು, ನೆಲಕ್ಕೆ ಗ್ರಾನೈಟ್ ಹಾಸು ಬಂತು. ಎರಡನೇ ವಂಶದ ಪೆರಿಬ್ಸೆನ್ ಗಿಡುಗ ಬಿಟ್ಟು ಸೇತ್ ದೇವರ ಪ್ರಾಣಿಯನ್ನು ಹೆಸರಿನ ಮೇಲೆ ಕೂರಿಸಿಕೊಂಡ. ಅವನ ನಂತರದ ಖಾಸೆಖೆಮ್ವಿ ಎರಡನ್ನೂ ಜೊತೆಗೆ ಇಟ್ಟ. ರಾಜ್ಯದಲ್ಲಿ ಏನೋ ಒಡಕು ಬಂದು ರಾಜಿಯಾಗಿರಬೇಕು ಅಂತ ಊಹಿಸಲು ಅಷ್ಟು ಸಾಕು. ಖಾಸೆಖೆಮ್ವಿಯ ಸಮಾಧಿ 70 ಮೀಟರ್ ಹತ್ತಿರ ಉದ್ದ, ನಡುವಿನ ಕೋಣೆ ಕೆತ್ತಿದ ಸುಣ್ಣಕಲ್ಲಿನದು. ಅವನ ಬೆನ್ನಿಗೇ ಬಂದ ಜೋಸರ್ ಸಕ್ಕಾರಾದಲ್ಲಿ ಮೆಟ್ಟಿಲು ಪಿರಮಿಡ್ ಕಟ್ಟಿಸಿದ. ಪಿರಮಿಡ್ ಆಕಾಶದಿಂದ ಇಳಿದದ್ದಲ್ಲ. ಇಟ್ಟಿಗೆ, ಮೆಟ್ಟಿಲು, ಗ್ರಾನೈಟ್ ಹಾಸು, ಸುಣ್ಣಕಲ್ಲಿನ ಕೋಣೆ ಹೀಗೆ ವರ್ಷನ್ ಮೇಲೆ ವರ್ಷನ್ ಬಂದದ್ದು. ಸ್ಮಿತ್ ಬದುಕಿರುವಾಗಲೇ ಪೆಟ್ರಿ ಅಳತೆಯಲ್ಲಿ ಅವನನ್ನು ಸೋಲಿಸಿದ್ದ. ಅಬೈಡೋಸ್‌ನಲ್ಲಿ ಸಿಕ್ಕಿದ್ದು ಇನ್ನೂ ಗಟ್ಟಿ ಉತ್ತರ.

ಜೆರ್‌ನ ಸಮಾಧಿಯದ್ದೇ ಇನ್ನೊಂದು ಪ್ರಸಂಗ. ಹಿಂದಿನ ಕಾಲದ ಕಳ್ಳನೊಬ್ಬ ಗೋಡೆಯ ತೂತಿನಲ್ಲಿ ಬಟ್ಟೆ ಸುತ್ತಿದ ಒಂದು ತೋಳನ್ನು ತುರುಕಿಟ್ಟು ಮರೆತಿದ್ದ. ಅಮೆಲಿನೋನ ಆಳುಗಳಿಗೆ ಅದು ಕಾಣಲಿಲ್ಲ, ಪೆಟ್ರಿಯ ಆಳುಗಳಿಗೆ ಕಂಡಿತು. ಬಟ್ಟೆ ಬಿಡಿಸಿದರೆ ಚಿನ್ನ, ವೈಡೂರ್ಯದ ನೀಲಿ, ಹಸಿರುನೀಲಿ ಕಲ್ಲುಗಳ ನಾಲ್ಕು ಕಡಗ, ತೊಟ್ಟ ಕ್ರಮದಲ್ಲೇ. ಆ ಕ್ರಮವನ್ನು ಬರೆದುಕೊಂಡು ಎಲ್ಲವನ್ನೂ ಕೈರೋ ಮ್ಯೂಸಿಯಂಗೆ ಕಳಿಸಿದರು. ಅಲ್ಲಿನ ಅಧಿಕಾರಿ ಎಮಿಲ್ ಬ್ರುಗ್ಶ್‌ಗೆ ಬೇಕಾಗಿದ್ದು ಗಾಜಿನ ಪೆಟ್ಟಿಗೆಯಲ್ಲಿ ಹೊಳೆಯುವ ಒಡವೆ ಮಾತ್ರ. ಐದು ಸಾವಿರ ವರ್ಷ ಉಳಿದ ತೋಳು ಮತ್ತು ಅದರ ನವಿರು ನಾರುಬಟ್ಟೆಯನ್ನು ಅವನು ಎಸೆದುಬಿಟ್ಟ. ಈಜಿಪ್ಟಿನ ಅತಿ ಹಳೆಯ ಮಮ್ಮಿಗಳಲ್ಲಿ ಒಂದಾಗಬಹುದಿದ್ದದ್ದು ಹೀಗೆ ಕಸದಬುಟ್ಟಿ ಸೇರಿತು. ಮರುಭೂಮಿಗಿಂತ ಮ್ಯೂಸಿಯಂ ಅಪಾಯಕಾರಿ ಎಂಬ ಕಹಿ ಪೆಟ್ರಿಗೆ ಕೊನೆವರೆಗೂ ಹೋಗಲಿಲ್ಲ.

ಪೆಟ್ರಿ ಎಲ್ಲವನ್ನೂ ಸರಿಯಾಗಿ ಕಾಣಲಿಲ್ಲ. ಮೆರ್ನೀತ್ ಎಂಬ ಹೆಸರಿನ ದೊಡ್ಡ ಸಮಾಧಿಯನ್ನು ಒಬ್ಬ ರಾಜನದು ಅಂತ ಲೆಕ್ಕಕ್ಕೆ ಹಿಡಿದ. ಅವಳು ಹೆಂಗಸು, ಡೆನ್‌ನ ತಾಯಿ. ಮಗ ಚಿಕ್ಕವನಿದ್ದಾಗ ರಾಜ್ಯ ನಡೆಸಿದವಳು ಅಂತ ಈಗ ಬಹುತೇಕರ ಮತ. 1985ರಲ್ಲಿ ಜರ್ಮನ್ ಪುರಾತತ್ವ ತಂಡಕ್ಕೆ ಅಲ್ಲೇ ಒಂದು ಮುದ್ರೆಯ ಗುರುತು ಸಿಕ್ಕಿತು. ಅದರಲ್ಲಿ ನಾರ್ಮರ್, ಆಹಾ, ಜೆರ್, ಜೆಟ್, ಡೆನ್ ಹೀಗೆ ಸರದಿಯಾಗಿ ಹೆಸರುಗಳು, ಜೊತೆಗೆ ರಾಜಮಾತೆ ಮೆರ್ನೀತ್. ಆ ರಾಜರ ಸೇವಕರ ಕೈಯಲ್ಲೇ ಬಿದ್ದ ಅಚ್ಚು. ಮೆರ್ನೀತ್ ವಿಷಯ ಬಿಟ್ಟರೆ ಆಹಾನಿಂದ ಡೆನ್‌ವರೆಗಿನ ಪೆಟ್ರಿಯ ಸರದಿ ಅದಕ್ಕೆ ಹೊಂದಿಕೊಂಡಿತು.

ಇನ್ನೊಂದು ವಿಷಯದಲ್ಲಿ ಅವನದು ಬರೀ ತಪ್ಪಲ್ಲ, ಪೂರ್ವಗ್ರಹ. ಈಜಿಪ್ಟಿನ ಜನ ತಾವಾಗಿಯೇ ಇಂಥ ರಾಜ್ಯ ಕಟ್ಟಲು ಸಾಧ್ಯವಿಲ್ಲ, ಹೊರಗಿನಿಂದ ಬಂದ ಮೇಲ್ಮಟ್ಟದ ಜನಾಂಗವೊಂದು ರಾಜವಂಶಗಳನ್ನು ತಂದಿತು ಅಂತ ಅವನು ಸಾಯುವವರೆಗೂ ನಂಬಿದ. ಯೂಜೆನಿಕ್ಸ್ ಎಂಬ ಆ ಕಾಲದ ಕೆಟ್ಟ ಶಾಸ್ತ್ರದ ಗುರು ಫ್ರಾನ್ಸಿಸ್ ಗಾಲ್ಟನ್‌ಗಾಗಿ ದೇವಸ್ಥಾನದ ಗೋಡೆಗಳ ಮೇಲಿನ ಮುಖಗಳನ್ನು ಜನಾಂಗವಾರು ಫೋಟೋ ತೆಗೆದುಕೊಟ್ಟ. ಕಾರ್ಲ್ ಪಿಯರ್ಸನ್‌ನ ಪ್ರಯೋಗಾಲಯಕ್ಕೆ ತಲೆಬುರುಡೆಗಳನ್ನು ಕಳಿಸಿದ. ನಮ್ಮ ಸ್ಟ್ಯಾಟಿಸ್ಟಿಕ್ಸ್ ಪಠ್ಯದಲ್ಲಿ ಕೋರಿಲೇಶನ್ ಜೊತೆ ಬರುವ ಅದೇ ಪಿಯರ್ಸನ್. 1907ರ ಪುಸ್ತಕದಲ್ಲಿ ಪೆಟ್ರಿ, ದುರ್ಬಲರಿಗೆ ಸರ್ಕಾರ ನೆರವು ಕೊಡುವುದೇ ಸಮಾಜಕ್ಕೆ ಕೇಡು ಎಂಬ ಧಾಟಿಯಲ್ಲಿ ಬರೆದ. ಅಳತೆಯಲ್ಲಿ ಅರ್ಧ ಇಂಚಿಗೂ ಲೆಕ್ಕ ಕೊಟ್ಟವನು, ಸ್ಮಿತ್‌ನ ಪವಿತ್ರ ಇಂಚನ್ನು ಪುರಾವೆ ಕೇಳಿ ಕೆಡವಿದವನು, ತಾನೇ ಹೊತ್ತುಕೊಂಡ ಜನಾಂಗದ ಸಿದ್ಧಾಂತಕ್ಕೆ ಅದೇ ಪರೀಕ್ಷೆ ಇಡಲಿಲ್ಲ. ನಮಗೆ ಇದನ್ನು ಅವನ ಕಾಲದ ಗುಣ ಅಂತ ಸುಲಭಕ್ಕೆ ಬಿಟ್ಟುಬಿಡಲು ಮನಸ್ಸಿಲ್ಲ. ನಕಾದಾ ವಿಷಯದಲ್ಲಿ ಒಮ್ಮೆ ತಿದ್ದಿಕೊಂಡಿದ್ದವನಿಗೆ ಇಲ್ಲೂ ದಾರಿ ಇತ್ತು. ವಿಚಿತ್ರವೆಂದರೆ, ಅವನ ಸಿದ್ಧಾಂತವನ್ನು ಕೆಡವಿದ್ದು ಅವನದೇ ಮಡಕೆ ಸಾಲು. 30ರಿಂದ 80ರವರೆಗೆ ಎಲ್ಲೂ ಹೊಸ ಜನ ಬಂದು ಹಳೆಯದನ್ನು ಕಿತ್ತುಹಾಕಿದ ಗುರುತಿಲ್ಲ, ಒಂದರಿಂದ ಇನ್ನೊಂದು ನಿಧಾನಕ್ಕೆ ಹುಟ್ಟಿದೆ. ಉಮ್ ಎಲ್ ಕಾಬ್‌ನ ರಾಜಸಮಾಧಿಗಳ ಪಕ್ಕದಲ್ಲೇ ಅವರಿಗಿಂತ ಹಿಂದಿನ ನಾಯಕರ ಸಮಾಧಿಗಳಿವೆ. 1988ರಲ್ಲಿ ಅಲ್ಲೊಂದರಲ್ಲಿ ಮೊದಲ ವಂಶಕ್ಕೂ ಹಿಂದಿನ ಬರಹದ ಚೀಟಿಗಳು ಸಿಕ್ಕವು. ರಾಜರೂ ಬರಹವೂ ಅದೇ ನೆಲದಲ್ಲಿ ಬೆಳೆದದ್ದು.

ಮಡಕೆ ಚೂರಿನಿಂದ ಕಾಲ ಹೇಳುವ ವಿದ್ಯೆ ಆಮೇಲೆ ಲೋಕವೆಲ್ಲ ಹರಡಿತು. 1947ರಲ್ಲಿ ಮಾರ್ಟಿಮರ್ ವೀಲರ್ ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆದು ಕಾಲ ನಿರ್ಣಯಿಸಿದ್ದೂ ಪದರ ಮತ್ತು ಮಡಕೆಗಳ ಲೆಕ್ಕದಿಂದಲೇ. ಅದೇ ವೀಲರ್, ಪೆಟ್ರಿಗೆ ಪದರ ಬಿಡಿಸಿ ಅಗೆಯುವುದು ಬರುತ್ತಿರಲಿಲ್ಲ ಅಂತ ಕಟುವಾಗಿ ಟೀಕಿಸಿದವನು ಕೂಡ. ಟೀಕೆಯಲ್ಲಿ ಹುರುಳಿದೆ.

ಮಿಕ್ಕ ಬದುಕು ಬೇಗ ಹೇಳಿಬಿಡಬಹುದು. 1923ರಲ್ಲಿ ಸರ್ ಪದವಿ. ಸಿಕ್ಕ ವಸ್ತುಗಳನ್ನು ಹಣ ಕೊಟ್ಟ ಮ್ಯೂಸಿಯಂಗಳಿಗೆ ಹಂಚುವುದು ಆಗಿನ ಪದ್ಧತಿ, ಹಾಗಾಗಿ ಅಬೈಡೋಸ್‌ನ ರಾಜರ ಸಾಮಾನು ಇವತ್ತು ಹತ್ತಾರು ದೇಶಗಳಲ್ಲಿ ಚದುರಿದೆ. 1926ರಲ್ಲಿ ಈಜಿಪ್ಟ್ ಬಿಟ್ಟು ಪ್ಯಾಲೆಸ್ಟೈನ್‌ಗೆ ಹೋದ. ನಿವೃತ್ತಿಯ ನಂತರ ಜೆರುಸಲೇಮ್‌ನಲ್ಲೇ ನೆಲೆಸಿ 1942ರ ಜುಲೈನಲ್ಲಿ, 89ನೇ ವಯಸ್ಸಿನಲ್ಲಿ ತೀರಿಕೊಂಡ. ದೇಹ ಅಲ್ಲಿಯ ಜಿಯೋನ್ ಬೆಟ್ಟದ ಸ್ಮಶಾನದಲ್ಲಿ. ತಲೆಯನ್ನು ಮಾತ್ರ ಅವನ ಇಚ್ಛೆಯಂತೆ ಲಂಡನ್‌ನ ರಾಯಲ್ ಕಾಲೇಜ್ ಆಫ್ ಸರ್ಜನ್ಸ್‌ಗೆ ಕಳಿಸಲಾಯಿತು, ಅಧ್ಯಯನದ ಮಾದರಿಯಾಗಿ. ಅಷ್ಟು ಬುರುಡೆ ಅಳೆಸಿದವನು ತನ್ನದನ್ನೂ ಸಾಲಿಗೆ ಸೇರಿಸಿದ.

1913ರಲ್ಲಿ ತರ್ಖಾನ್ ಎಂಬಲ್ಲಿ ಮೊದಲ ವಂಶದ ಕಾಲದ ಸಮಾಧಿಯೊಂದರಿಂದ ಪೆಟ್ರಿ ಕೊಳಕು ನಾರುಬಟ್ಟೆಯ ಒಂದು ಗಂಟನ್ನು ತಂದು, ಎಸೆಯದೆ ಲಂಡನ್‌ಗೆ ಕಳಿಸಿದ್ದ. ಯಾರೂ ಬಿಚ್ಚಿ ನೋಡಲಿಲ್ಲ. 1977ರಲ್ಲಿ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂನವರು ತೊಳೆಯಲು ಕೂತಾಗ ಅದರಿಂದ ನೆರಿಗೆ ಹಿಡಿದ ತೋಳುಗಳಿರುವ ಒಂದು ಅಂಗಿ ಬಿಚ್ಚಿಕೊಂಡಿತು. ಆಮೇಲೆ ನಡೆದ ರೇಡಿಯೋಕಾರ್ಬನ್ ಪರೀಕ್ಷೆ ಅದನ್ನು ಕ್ರಿ.ಪೂ. 3482 ಮತ್ತು 3102ರ ನಡುವೆ ಇಟ್ಟಿತು. ನೇಯ್ದ ಬಟ್ಟೆಯಲ್ಲಿ ಹೊಲಿದ ಉಡುಪುಗಳಲ್ಲಿ ಇವತ್ತು ಗೊತ್ತಿರುವ ಅತ್ಯಂತ ಹಳೆಯದು. ಈಗ ಪೆಟ್ರಿ ಮ್ಯೂಸಿಯಂನಲ್ಲಿದೆ. ಮೊಣಕೈ ಮತ್ತು ಕಂಕುಳ ಹತ್ತಿರ ಅದರಲ್ಲಿ ಸುಕ್ಕಿನ ಗೆರೆಗಳಿವೆ, ಯಾರೋ ತೊಟ್ಟು ಓಡಾಡಿದ್ದಕ್ಕೆ.